ಹೆಣ್ಣುಮಕ್ಕಳ ಭುಜಕ್ಕೆ ಆಪರೇಷನ್ ನಿಲ್ಲುವುದಿಲ್ಲವೇ?

ನಮಸ್ಕಾರ ಅಮ್ಮ,

ಕಾಲೇಜು ತಂಡದಲ್ಲಿ ಕಬಡ್ಡಿ ಆಡುವ ನಿಮ್ಮ 19 ವರ್ಷದ ಮಗಳಿಗೆ ಬಲಭುಜ ಮೂರು ಸಲ ಜಾರಿದೆ, ಡಾಕ್ಟರು ಆಪರೇಷನ್ ಹೇಳಿದ್ದಾರೆ ಎಂದು ಬರೆದಿದ್ದೀರಿ. ‘ಹೆಣ್ಣುಮಕ್ಕಳ ಕೀಲು ಸಡಿಲ, ಆಪರೇಷನ್ ನಿಲ್ಲಲ್ಲ, ಸುಮ್ನೆ ಆಟ ಬಿಡಿಸಿ’ ಎಂದು ಮನೆಯವರು ಹೇಳುತ್ತಿದ್ದಾರಂತೆ. ಇದು ನಿಜವೇ ಎಂದು ಕೇಳಿದ್ದೀರಿ.

ನಿಜವಲ್ಲ. ಆಪರೇಷನ್ ಆದ ಗಂಡಸರನ್ನೂ ಹೆಂಗಸರನ್ನೂ ಹೋಲಿಸಿ ನೋಡಿದ ಹೆಚ್ಚಿನ ಅಧ್ಯಯನಗಳಲ್ಲಿ, ಭುಜ ಮತ್ತೆ ಜಾರುವುದರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಭುಜದ ಗುಂಡು ದೊಡ್ಡದು, ಅದು ಕೂರುವ ಗುಳಿ ಆಳವಿಲ್ಲದ್ದು. ಗುಳಿಯ ಸುತ್ತ ಮೆತ್ತನೆಯ ಅಂಚೊಂದಿದೆ. ರೇಡಿಗೆ ಹೋದವರ ಚಾಚಿದ ಕೈಯನ್ನು ಹಿಡಿದು ಹಿಂದಕ್ಕೆ ಎಳೆದಾಗ ಗುಂಡು ಮುಂದಕ್ಕೆ ಜಾರಿ ಆ ಅಂಚು ಕಿತ್ತುಬರುತ್ತದೆ. ಇದನ್ನು 1923ರಲ್ಲಿ ವಿವರಿಸಿದವರು ಬ್ರಿಟನ್ನಿನ ಸರ್ಜನ್ ಬ್ಯಾಂಕಾರ್ಟ್. ಈಗ ಸಣ್ಣ ತೂತುಗಳ ಮೂಲಕ ಅದನ್ನು ಮೂಳೆಗೆ ಹೊಲಿಯುತ್ತಾರೆ. ಮೂಳೆಯೇ ತುಂಬಾ ಸವೆದಿದ್ದರೆ ಹೊಲಿಗೆ ಸಾಲದು. ಪಕ್ಕದ ಮೂಳೆಯ ತುಂಡೊಂದನ್ನು ತಂದು ಸ್ಕ್ರೂ ಹಾಕಿ ಕೂರಿಸುವ ಲಾಟಾರ್ಜೆ ಆಪರೇಷನ್ ಬೇಕಾಗುತ್ತದೆ.

ಹೊಲಿಗೆ ಯಾರಿಗೆ ನಿಲ್ಲುತ್ತದೆ ಎಂದು ಅಂದಾಜು ಮಾಡಲು ಫ್ರಾನ್ಸಿನಲ್ಲಿ ಬಾಲ್ಗ್ ಮತ್ತು ಬ್ವಾಲೊ ಎಂಬ ಸರ್ಜನ್‌ಗಳು 2007ರಲ್ಲಿ 10 ಅಂಕಗಳ ಲೆಕ್ಕವೊಂದನ್ನು ಕೊಟ್ಟರು. ವಯಸ್ಸು 20 ಅಥವಾ ಕಡಿಮೆಯೇ, ಸ್ಪರ್ಧೆಗಳಲ್ಲಿ ಆಡುತ್ತಾರೆಯೇ, ಮೈಗೆ ಮೈ ತಾಗುವ ಅಥವಾ ಕೈಯನ್ನು ತಲೆಯ ಮೇಲೆತ್ತಿ ಜೋರಾಗಿ ಬೀಸುವ ಆಟವೇ, ಕೀಲು ಸಡಿಲವೇ, ಎಕ್ಸ್‌ರೇಯಲ್ಲಿ ಮೂಳೆ ಹಾಳಾಗಿದೆಯೇ. ಇಷ್ಟೇ ಅದರಲ್ಲಿರುವುದು. ಹೆಣ್ಣೋ ಗಂಡೋ ಎಂಬುದಕ್ಕೆ ಒಂದು ಅಂಕವೂ ಇಲ್ಲ. ನಿಮ್ಮ ಮಗಳ ವಯಸ್ಸು ಮತ್ತು ಕಬಡ್ಡಿ, ಇವೆರಡೂ ಅಪಾಯದ ಕಡೆಗೇ ಬರುತ್ತವೆ. ಅದೇ ವಯಸ್ಸಿನ ಹುಡುಗ ಆಟಗಾರನಿಗೂ ಹಾಗೇ ಅಲ್ವಾ?

ಮನೆಯವರ ಮಾತಿನಲ್ಲಿ ಒಂದಂಶ ಮಾತ್ರ ಸರಿ. ಹುಟ್ಟಿನಿಂದಲೇ ಕೀಲು ಸಡಿಲವಿರುವುದು ಹೆಂಗಸರಲ್ಲಿ ಜಾಸ್ತಿ. ಗಂಡಸರಲ್ಲಿ ಪೆಟ್ಟಿನಿಂದ ಮೂಳೆ ಸವೆದಿರುವುದು ಜಾಸ್ತಿ. ಆದರೆ ನಿಮ್ಮ ಮಗಳ ಕೀಲು ಸಡಿಲವೇ ಎಂಬುದನ್ನು ಅವಳನ್ನು ಪರೀಕ್ಷಿಸಿಯೇ ಹೇಳಬೇಕು. ಹೆಬ್ಬೆರಳು ಮುಂಗೈಗೆ ತಾಗುತ್ತದೆಯೇ, ಮೊಣಕೈ ಹಿಂದಕ್ಕೆ ಬಾಗುತ್ತದೆಯೇ ಎಂದು ಡಾಕ್ಟರು ಐದು ನಿಮಿಷದಲ್ಲಿ ನೋಡಬಲ್ಲರು. ಭುಜ ಎಲ್ಲ ದಿಕ್ಕಿಗೂ ಜಾರುವಂತಿದ್ದರೆ ಮೊದಲು ಕೆಲವು ತಿಂಗಳು ಫಿಸಿಯೋಥೆರಪಿಯನ್ನೇ ಮಾಡಿಸುತ್ತಾರೆ. ಮೂಳೆ ಎಷ್ಟು ಸವೆದಿದೆ ಎಂಬುದಕ್ಕೆ ಸಿಟಿ ಸ್ಕ್ಯಾನ್ ಬೇಕೇ ಎಂದೂ ಕೇಳಿ.

ಆಟ ಬಿಡಿಸಿದರೆ ಸಾಕು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಮೂರು ಸಲ ಜಾರಿದ ಭುಜ ಜಡೆ ಹಾಕಿಕೊಳ್ಳುವಾಗ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಾಗಲೂ ಜಾರಬಹುದು. ಜಾರಿದಾಗ ಮೈದಾನದಲ್ಲೇ ಯಾರೂ ಎಳೆದು ಕೂರಿಸಬಾರದು. ನರಕ್ಕೆ ಪೆಟ್ಟಾಗಬಹುದು.

ಆಪರೇಷನ್ ಮಾಡಿಸಿದರೆ ಮುಂದಿನದನ್ನು ನೀವು ಗಟ್ಟಿಯಾಗಿ ನಿಂತು ನೋಡಿಕೊಳ್ಳಬೇಕು. ಸಾಮಾನ್ಯವಾಗಿ 4ರಿಂದ 6 ವಾರ ಕೈ ಸ್ಲಿಂಗಿನಲ್ಲಿರುತ್ತದೆ. ಕಬಡ್ಡಿಗೆ ಮರಳಲು ಆರು ತಿಂಗಳಾದರೂ ಬೇಕು. ನಮ್ಮ ಮನೆಗಳಲ್ಲಿ ಆಪರೇಷನ್ ಆದ ಮಗನನ್ನು ಕೂರಿಸಿ ಉಣ್ಣಿಸುತ್ತೇವೆ. ಮಗಳ ಕೈಗೆ ಬೇಗನೆ ಪೊರಕೆ, ಬಿಂದಿಗೆ ಬರುತ್ತದೆ. ಅವಳ ಫಿಸಿಯೋಥೆರಪಿಯ ಖರ್ಚನ್ನೇ ಮೊದಲು ನಿಲ್ಲಿಸುತ್ತೇವೆ. ನನಗೆ ಇದು ಬಹಳ ನೋವಿನ ವಿಷಯ. ಹೊಲಿದ ಅಂಚು ಮೂಳೆಗೆ ಕೂಡಿಕೊಳ್ಳುವ ಮೊದಲೇ ಭಾರ ಎತ್ತಿಸಿ, ಆಮೇಲೆ ‘ಹೆಣ್ಣುಮಕ್ಕಳಿಗೆ ನಿಲ್ಲಲ್ಲ’ ಎನ್ನುವುದು ಯಾವ ನ್ಯಾಯ?

ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಈ ಪ್ರಶ್ನೆಗಳನ್ನೆಲ್ಲ ಅವಳೇ ಕೇಳಲಿ. 19 ತುಂಬಿದೆ, ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವಳೂ ಅವಳೇ.

– ಸಂಪಾದಕ