ದೇವರು ಹುಡುಕ್ತಾನೆ ಅಂತಾರೆ, ಮತ್ತೆ ಮಗ ಎಂತಕ್ಕೆ ಬರ್ಲಿಲ್ಲ?

ಪ್ರಶ್ನೆ: ಮಗ ಗೋವಾದಲ್ಲಿ ಹೋಟೆಲ್ ಕೆಲಸಕ್ಕೆ ಸೇರಿದ್ಮೇಲೆ ಇಗರ್ಜಿ (ಚರ್ಚ್) ಕಡೆ ತಲೇನೇ ಹಾಕೋದಿಲ್ಲ, ಹಬ್ಬಕ್ಕೆ ಊರಿಗೆ ಬಂದ್ರೂ ಮೀಸ್‌ಗೆ (ಚರ್ಚಿನ ಪೂಜೆಗೆ) ಬರೋದಿಲ್ಲ. ನಾನು ದಿನಾ ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮಾಡ್ತೇನೆ, ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ. ತಪ್ಪಿಹೋದ ಕುರೀನ ದೇವರೇ ಹುಡುಕ್ಕೊಂಡು ಹೋಗ್ತಾನೆ ಅಂತ ಪಾದ್ರಿ ಹೇಳ್ತಾರೆ, ಹಂಗಾದ್ರೆ ನನ್ನ ಮಗನ್ನ ಯಾಕೆ ಕರ್ಕೊಂಡು ಬರ್ತಿಲ್ಲ?
- ಒಬ್ಬ ತಾಯಿ, ಬೈತಖೋಲ, ಕಾರವಾರ

ಉತ್ತರ: ಅಮ್ಮಾ, ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ಪೂರ್ತಿ ಓದಿ, ಕುರಿ ಕತೆಗೇ ನಿಲ್ಲಿಸ್ಬೇಡಿ. ಯೇಸು ಸುಂಕದವರ ಜೊತೆ, ಪಾಪಿಗಳು ಅನ್ನಿಸ್ಕೊಂಡವರ ಜೊತೆ ಊಟಕ್ಕೆ ಕೂರ್ತಾನೆ ಅಂತ ಫರಿಸಾಯರು ಅನ್ನೋ ಕಟ್ಟಾ ಯೆಹೂದಿಗಳು ಗೊಣಗಿದ್ರು, ಅದಕ್ಕೆ ಉತ್ತರವಾಗಿ ಹೇಳಿದ ಮೂರು ಕತೆ ಅಲ್ಲಿವೆ. ಕುರಿ ತಪ್ಪಿತು, ಕುರುಬ ಹೋಗಿ ಹೆಗಲ ಮೇಲೆ ಹೊತ್ತು ತಂದ. ನಾಣ್ಯ ಕಳೀತು, ಹೆಂಗಸು ದೀಪ ಹಚ್ಚಿ ಮನೆ ಗುಡಿಸಿ ಹುಡುಕಿದ್ಲು. ಮೂರನೇದು ಆಸ್ತಿ ಪಾಲು ತಗೊಂಡು ಮನೆ ಬಿಟ್ಟು ಹೋದ ಕಿರಿ ಮಗನ ಕತೆ, ಅದ್ರಲ್ಲಿ ಅಪ್ಪ ದೂರದ ದೇಶಕ್ಕೆ ಹುಡುಕ್ಕೊಂಡು ಹೋಗೋದೇ ಇಲ್ಲ ನೋಡಿ! ಕುರೀನ ಎತ್ಕೊಂಡು ಬರಬಹುದು, ಬೆಳೆದ ಮಗನ್ನ ಹಂಗೆ ಎಳ್ಕೊಂಡು ಬಂದ್ರೆ ಮರುದಿನವೇ ಮತ್ತೆ ಹೋಗ್ತಾನೆ. ಹಂಗಂತ ಅಪ್ಪ ಕೈಕಟ್ಟಿ ಕೂತಿದ್ನಾ, ಇಲ್ಲ, ಮಗ ವಾಪಸ್ ಬರ್ತಾ ಇನ್ನೂ ದೂರ ಇರುವಾಗ್ಲೇ ಕಂಡ, ಅಂದ್ರೆ ದಾರಿ ನೋಡ್ತಾನೇ ಇದ್ದ ಅಂತ್ಲೇ ನಾನು ಅಂದ್ಕೊಳ್ಳೋದು, ಆಮೇಲೆ ಓಡಿದ, ತಬ್ಕೊಂಡ, ನನ್ನ ಕೂಲಿಯವನ ಹಾಗೆ ಇಟ್ಕೋ ಅಂತ ಮಗ ದಾರೀಲಿ ರೆಡಿ ಮಾಡ್ಕೊಂಡು ಬಂದ ಮಾತನ್ನ ಪೂರ್ತಿ ಹೇಳೋಕೂ ಬಿಡ್ಲಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಮನೇಲೇ ಇದ್ದು ಗೇಯ್ದ ದೊಡ್ಡ ಮಗ, ತಮ್ಮನಿಗೆ ಔತಣ ಮಾಡಿದ್ರು ಅನ್ನೋ ಸಿಟ್ಟಲ್ಲಿ ಒಳಗೆ ಬರೋದಿಲ್ಲ ಅಂತ ನಿಂತಾಗ ಅದೇ ಅಪ್ಪ ಹೊರಗೆ ಬಂದು ಅವನನ್ನೂ ಬೇಡ್ಕೋತಾನೆ. ಇಗರ್ಜೀಲಿ ಮುಂದಿನ ಬೆಂಚಲ್ಲಿ ಕೂರೋ ನಮ್ಮನ್ನೂ ದೇವರು ಹುಡುಕ್ತಾ ಇರ್ತಾನೆ, ನಮಗದು ಗೊತ್ತಾಗೋದು ಕಮ್ಮಿ.

ಸ್ವಲ್ಪ ದಿನ ಫೋನಲ್ಲಿ ಮೀಸ್ ಸುದ್ದಿ ಬಿಡಿ. ಊಟ ಆಯ್ತಾ, ಇವತ್ತು ನೈಟ್ ಶಿಫ್ಟಾ ಅಂತ ಕೇಳಿ. ಊರಿಗೆ ಬಂದಾಗ ಬಂಗಡೆ ಸಾರು ಮಾಡಿ, ಬ್ಯಾಗ್ ಇಳಿಸೋ ಮುಂಚೆ ಕುಮ್ಸಾರ್ (ಪಾದ್ರಿ ಹತ್ರ ಪಾಪ ಒಪ್ಪಿಕೊಳ್ಳೋದು) ಮಾಡಿದ್ಯಾ ಅಂತ ಶುರು ಮಾಡ್ಬೇಡಿ. ತೇರ್ಸ್ ಮಾತ್ರ ಮುಂದುವರಿಸಿ.

ಪ್ರಶ್ನೆ: ಲೂಕನ ಕುರಿ ಕತೇಲಿ ಕುರುಬ 99 ಕುರೀನ ಅಡವೀಲಿ ಬಿಟ್ಟು ತಪ್ಪಿಹೋದ ಒಂದರ ಹಿಂದೆ ಹೋಗೋದು ಜಾಣತನವಾ?
- ಓದುಗರು, ಅಂಕೋಲಾ

ಉತ್ತರ: ಲೆಕ್ಕದಲ್ಲಿ ದಡ್ಡತನವೇ. ಆದ್ರೆ ನೀವು ಅಂಕೋಲಾದವರು, ಶಿರೂರು ನೋಡಿದ್ದೀರಿ. 2024ರ ಜುಲೈ 16ಕ್ಕೆ ಅಲ್ಲಿ ಗುಡ್ಡ ಕುಸೀತು, ಡ್ರೈವರ್ ಸಮೇತ ಗಂಗಾವಳಿ ನದಿಯೊಳಗೆ ಹೋದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ನಡುವೆ ಮಳೆ, ಸೆಳವು, ಕೆಲಸ ನಿಂತದ್ದು, ಆಮೇಲೆ ಗೋವಾದಿಂದ ನದಿ ತಳದ ಮಣ್ಣು ಎತ್ತೋ ಡ್ರೆಜರ್ ತರಿಸಿದ್ದು. ಒಬ್ಬ ಡ್ರೈವರ್‌ಗೋಸ್ಕರ ಇಷ್ಟೆಲ್ಲ ಎಂತಕ್ಕೆ ಅಂತ ಅವರ ಮನೆಯವರ ಎದುರು ನಿಂತು ಕೇಳೋಕಾಗ್ತಿತ್ತಾ? ಕಾಣೆಯಾದವರ ಮನೆಯವರಿಗೆ ಉಳಿದವರೆಲ್ಲ ಕ್ಷೇಮ ಅನ್ನೋ ಲೆಕ್ಕ ಸಮಾಧಾನ ಕೊಡೋದಿಲ್ಲ, ಆ ಕತೇಲಿ ದೇವರು ಮನೆಯವರ ಜಾಗದಲ್ಲಿದ್ದಾನೆ.

ಪ್ರಶ್ನೆ: ಎಲ್ಲಾ ಗೊತ್ತಿರೋ ದೇವರು ಆದಾಮನ ಹತ್ರ "ಎಲ್ಲಿದ್ದೀಯಾ" ಅಂತ ಕೇಳಿದ್ಯಾಕೆ ಸರ್?
- ಕಾಲೇಜು ವಿದ್ಯಾರ್ಥಿ, ಶಿರಸಿ

ಉತ್ತರ: ಒಳ್ಳೆ ಪ್ರಶ್ನೆ ಮಾರಾಯ. ಬೇಡ ಅಂದ ಹಣ್ಣು ತಿಂದು ಮರದ ಮರೆಯಲ್ಲಿ ಅವಿತವನನ್ನ ಕುತ್ತಿಗೆ ಹಿಡಿದು ಎಳೀಬಹುದಿತ್ತು, ಕೇಳಿದ್ರೆ ಅವನೇ ಹೊರಗೆ ಬರೋಕೆ ಒಂದು ಅವಕಾಶ. ತಮ್ಮನನ್ನ ಕೊಂದ ಆದಾಮನ ಮಗ ಕಾಯಿನನಿಗೂ ನಿನ್ನ ತಮ್ಮ ಎಲ್ಲಿ ಅಂತ ಕೇಳ್ತಾನೆ, ಅಬ್ರಹಾಮನ ಮನೆ ಬಿಟ್ಟು ಓಡಿದ ದಾಸಿ ಹಾಗರಳಿಗೆ ಬುಗ್ಗೆ ಹತ್ರ ದೇವದೂತ ಕೇಳೋದೂ ಅಷ್ಟೇ, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ. ಪ್ರವಾದಿ ಯೋನನಂತೂ ನಿನೆವೆ ಪಟ್ಟಣಕ್ಕೆ ಹೋಗು ಅಂತ ದೇವರು ಅಂದ್ರೆ ಹಡಗಿನ ಬಾಡಿಗೆ ಕೊಟ್ಟು ಉಲ್ಟಾ ತಾರ್ಷೀಷಿಗೆ ಹೊರಟವನು, ಅವನ ಬೆನ್ನು ದೇವರು ಹೆಂಗೆ ಬಿಡಲಿಲ್ಲ ಅಂತ ಓದಿಯೇ ನೋಡು, ಆ ಪುಸ್ತಕ ಮುಗಿಯೋದೂ ದೇವರ ಪ್ರಶ್ನೆಯಲ್ಲೇ. ಬರೀ ನಾಲ್ಕು ಅಧ್ಯಾಯ, ಕುಮಟಾದಲ್ಲಿ ಬಸ್ ಹತ್ತಿದ್ರೆ ದೇವಿಮನೆ ಘಟ್ಟ ಮುಗಿಯೋದ್ರೊಳಗೆ ಓದಿ ಮುಗೀತದೆ, ತಲೆ ತಿರುಗೋದಿಲ್ಲ ಅಂತಾದ್ರೆ.