ಮನೆಮನೆಗೆ ನಳ ಬಂದಿದೆ, ಕೊನೆ ಬೀದಿಗೆ ನೀರಿಲ್ಲ. ಹೊಸ ಬೋರ್‌ಗೆ ಯಾವ ಅನುದಾನ ಕೇಳಬೇಕು?

ನಿಮ್ಮ ಹೊಸದುರ್ಗದ ಕಡೆಯ ಹಳ್ಳಿಗೆ ಜಲಜೀವನ್ ಮಿಷನ್ ನಳ ಬಂದಿದೆ, ಕೊನೆ ಬೀದಿಗೆ ನೀರು ಹತ್ತುತ್ತಿಲ್ಲ, ಇನ್ನೊಂದು ಬೋರ್ ಕೊರೆಸಲು ಶಾಸಕರ ಅನುದಾನ ಕೇಳೋದಾ, ಪಂಚಾಯಿತಿಯ ಹಣಕಾಸು ಆಯೋಗದ ದುಡ್ಡು ಹಾಕೋದಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನಗೆ 2022ರ ಮಾರ್ಚ್ ನೆನಪಾಯಿತು.

ನಾನಾಗ ಜಗಳೂರು ತಾಲ್ಲೂಕಿನ ಒಂದು ಪಂಚಾಯಿತಿಯ ಅಧ್ಯಕ್ಷೆ. ಮೀಸಲಾತಿಯಲ್ಲಿ ಬಂದ ಕುರ್ಚಿ. ಊರಿನವರು 'ಅಧ್ಯಕ್ಷರೇ' ಅಂತ ಕರೆಯುತ್ತಿದ್ದದ್ದು ನಮ್ಮ ಯಜಮಾನರನ್ನು. ಸಹಿ ಮಾತ್ರ ನನ್ನದೇ ಬೇಕಿತ್ತು.

ಮಾರ್ಚ್ ಅಂದರೆ ಗೊತ್ತಲ್ವಾ, ಬಿಲ್ ಮಾಡೋ ತಿಂಗಳು. ಗುತ್ತಿಗೆದಾರರ ಕಡೆಯವರು ಬೆಳಿಗ್ಗೆ ಏಳಕ್ಕೇ ಬಂದು ಟ್ಯಾಂಕಿನ ಪಕ್ಕದ ಮನೆಯ ನಳಕ್ಕೆ ಹೂವು ಸುತ್ತಿ, ಕುಂಕುಮ ಹಚ್ಚಿಸಿದರು. ವಾಟರ್‌ಮನ್ ವಾಲ್ವ್ ತಿರುಗಿಸಿದ. ನೀರಿನ ರಭಸಕ್ಕೆ ಕೊಡವೇ ಕೈಜಾರಿತು. ಫೋಟೊ, ಚಪ್ಪಾಳೆ ಎಲ್ಲ ಆಯಿತು. ಆಫೀಸಿಗೆ ಬಂದು ಮಂಡಕ್ಕಿ ಮಿರ್ಚಿ ತಿಂದು ಚಹಾ ಕುಡಿಯುವಾಗ ಹಸ್ತಾಂತರದ ಕಾಗದ, ಅಂದರೆ ಕೆಲಸ ಮುಗಿದಿದೆ, ಇನ್ನು ಎಲ್ಲ ಪಂಚಾಯಿತಿ ವಶಕ್ಕೆ ಅನ್ನೋ ಕಾಗದ, ಮುಂದೆ ಬಂತು. "ಮಾರ್ಚ್ ಮುಗಿದ್ರೆ ದುಡ್ಡು ವಾಪಸ್ ಹೋಗುತ್ತೆ ಮೇಡಂ" ಅಂದರು. ಹೆದರಿ ಸಹಿ ಹಾಕಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಎಡವೋದು ಇಲ್ಲೇ. ನಾನು ನೋಡಿದ್ದು ಟ್ಯಾಂಕಿನ ಬುಡದ ನಳ. ಆ ಹೊತ್ತಿಗೆ ಊರಲ್ಲಿ ತೆರೆದಿದ್ದದ್ದು ಅದೊಂದೇ. ತುಂಬಿದ ಟ್ಯಾಂಕಿನ ಒತ್ತಡವೆಲ್ಲ ಆ ಒಂದು ಬಾಯಿಗೆ. ರಭಸ ಬರದೆ ಇನ್ನೇನು? ನೋಡಬೇಕಾಗಿದ್ದದ್ದು ಕೊನೆ ಮನೆಯ ನಳ. ಅದೂ ದಾರಿಯಲ್ಲಿರೋ ಎಲ್ಲ ನಳ ಒಟ್ಟಿಗೆ ಬಿಟ್ಟಾಗ. ಅದೂ ಒಂದು ದಿನ ಅಲ್ಲ, ಒಂದು ವಾರ, ಕರೆಂಟು ಕೈಕೊಡುವ ದಿನಗಳನ್ನೂ ಸೇರಿಸಿ. ಯೋಜನೆಯಲ್ಲೇ ಇರೋ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. 15 ಲೀಟರಿನ ಕೊಡದಲ್ಲಿ ಹದಿನೆಂಟು ಕೊಡ ತುಂಬಿ ಇನ್ನೂ ಮಿಗಬೇಕು. ನಾನು ಒಂದು ಕೊಡವನ್ನೂ ಎಣಿಸಲಿಲ್ಲ. ಕೊನೆ ಮನೆಗಳಿರೋ ಕಾಲೋನಿ ಕಡೆ ಅವತ್ತು ಕಾಲೇ ಇಡಲಿಲ್ಲ.

ಮೂರನೇ ದಿನ ಕಾಲೋನಿಯ ಅಜ್ಜಿಯೊಬ್ಬರು ಬಂದು ಕರೆದುಕೊಂಡು ಹೋದರು. ನಳಕ್ಕೆ ಕಿವಿ ಹಚ್ಚಿ "ಗಾಳಿ ಬರ್ತೈತೆ, ಕೇಳವ್ವಾ" ಅಂದರು. ನಾನೂ ಕಿವಿ ಇಟ್ಟೆ. ಸುಯ್ ಅನ್ನುತ್ತಿತ್ತು. ತಿಂಗಳೊಳಗೆ ಆ ಸಾಲಿನವರೆಲ್ಲ ನಳದ ಬುಡ ಅಗೆದು, ಮೊಣಕಾಲುದ್ದ ಗುಂಡಿ ಮಾಡಿ, ಪೈಪು ಕೊಯ್ದು, ಕೊಡವನ್ನು ಗುಂಡಿಯೊಳಗೆ ಇಳಿಸಿ ನೀರು ಹಿಡಿಯತೊಡಗಿದರು. ನೀರು ಬಿಡದ ಹೊತ್ತಲ್ಲಿ ಅದೇ ಗುಂಡಿಯಲ್ಲಿ ಚರಂಡಿ ನೀರು ನಿಲ್ಲುತ್ತಿತ್ತು. ಆ ಪೈಪಿನ ಬಾಯಿ ಅದರೊಳಗೇ ಮುಳುಗಿರುತ್ತಿತ್ತು.

ಗುತ್ತಿಗೆದಾರರಿಗೆ ಫೋನ್ ಮಾಡಿದರೆ ಒಂದೇ ಮಾತು: "ಹಸ್ತಾಂತರ ಆಗಿದೆಯಲ್ಲ ಮೇಡಂ." ಸುಟ್ಟ ಮೋಟರಿನ ರಿವೈಂಡಿಂಗ್, ಕೆಟ್ಟ ವಾಲ್ವ್, ಒಡೆದ ಪೈಪು ಎಲ್ಲ ಪಂಚಾಯಿತಿ ತಲೆ ಮೇಲೆ. ಆಗ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಅಂತ ನಿಗದಿ. ಅದರಲ್ಲಿ ನೀರಿನ ಅರ್ಧ ಪಾಲು ಈ ರಿಪೇರಿಗಳಲ್ಲೇ ಸೋರಿಹೋಯಿತು. ವಾಪಸ್ ಹೋಗುತ್ತೆ ಅಂತ ಹೆದರಿಸಿದ್ದ ದುಡ್ಡು ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಆಮೇಲೆ ಸುರಿದದ್ದು ನಮ್ಮ ಪಂಚಾಯಿತಿಯದ್ದು. 2024ಕ್ಕೆ ಮುಗಿಯಬೇಕಿದ್ದ ಮಿಷನ್ನನ್ನೇ 2028ರವರೆಗೆ ಎಳೆದಿದ್ದಾರೆ. ನಾನು ಒಂದು ವಾರ ಕಾದಿದ್ದರೆ ಏನು ಮುಳುಗಿಹೋಗುತ್ತಿತ್ತು?

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಹೊಸ ಬೋರ್ ಬಂದರೆ ಟ್ಯಾಂಕ್ ಬೇಗ ತುಂಬುತ್ತೆ, ಮೊದಲ ಬೀದಿಯವರು ಎಮ್ಮೆ ಮೈ ತೊಳೆಯುತ್ತಾರೆ, ಕೊನೆ ಬೀದಿಗೆ ಮತ್ತೆ ಗಾಳಿ. ಮೇಲಾಗಿ ನಮ್ಮ ಸೀಮೆಯ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯೋ ಹಾಗಿಲ್ಲ. ಆಮೇಲೆ ಅದಕ್ಕೊಂದು ಶುದ್ಧ ನೀರಿನ ಘಟಕ, ಆ ಘಟಕಕ್ಕೆ ಇನ್ನೊಂದು ಅನುದಾನ.

ಮೊದಲು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಿ ಹಸ್ತಾಂತರ ಆಗಿದೆಯಾ ಕೇಳಿ. ಆಗಿಲ್ಲ ಅಂದರೆ ನಿಮ್ಮ ಅಧ್ಯಕ್ಷರ ಕೈಯಿಂದ ಪೆನ್ ಕಿತ್ತುಕೊಳ್ಳಿ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸಭೆ ಕರೆಸಿ. ಅದರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಅಂತ ನಿಯಮವಿದೆ. ನಮ್ಮಲ್ಲೂ ಇದ್ದರು, ರಿಜಿಸ್ಟರ್ ಪುಸ್ತಕದಲ್ಲಿ. ಕೊಡ ಎಣಿಸುವ ಕೆಲಸ ಅವರಿಗೇ ಕೊಡಿ. ಹಸ್ತಾಂತರ ಆಗಿಹೋಗಿದ್ದರೆ ಕರಾರಿನ ಪ್ರತಿ ತರಿಸಿ, ದೋಷ ಸರಿಪಡಿಸಿಕೊಡೋ ಅವಧಿ ಇನ್ನೂ ಉಳಿದಿದೆಯಾ ನೋಡಿ. ದೂರನ್ನು ಬರೆದೇ ಕೊಡಿ, ಸ್ವೀಕೃತಿ ತಗೊಳ್ಳಿ. ಸುಮ್ನೆ ಫೋನ್ ಮಾಡಿ ಏನೂ ಆಗಲ್ಲ. ಇನ್ನು ಊರೊಳಗಿನ ನಳದ ಕೆಲಸದ ಖರ್ಚಿನಲ್ಲಿ ಜನ ಕೊಡಬೇಕಾದ ಶೇ 10ರ ವಂತಿಗೆ ಕೊಡ್ತಿಲ್ಲ ಅಂತಲೂ ಬರೆದಿದ್ದೀರಿ. ಗಾಳಿಗೆ ಯಾರು ದುಡ್ಡು ಕೊಡ್ತಾರೆ?

ನಮ್ಮೂರಲ್ಲಿ ಕೊನೆಗೆ ಆದದ್ದು ಇಷ್ಟೇ: ಕಾಲೋನಿ ಸಾಲಿಗೆ ಬೇರೆ ವಾಲ್ವ್ ಹಾಕಿಸಿ, ದಿನ ಬಿಟ್ಟು ದಿನ ಅವರಿಗೇ ಮೊದಲು ನೀರು ಬಿಡುವ ಹಾಗೆ ಮಾಡಿದೆವು. ಈಗ ನಳದಲ್ಲೇ ಕೊಡ ತುಂಬುತ್ತೆ. ಆದರೆ ಅಜ್ಜಿ ಗುಂಡಿ ಮುಚ್ಚಿಲ್ಲ, ಮೇಲೊಂದು ಚಪ್ಪಡಿ ಎಳೆದಿಟ್ಟಿದ್ದಾರೆ. ಯಾಕಜ್ಜಿ ಅಂದರೆ, "ಇರ್ಲಿ ತಗಾ ಅವ್ವಾ, ಮತ್ತ್ಯಾವಾಗ ಸೈನ್ ಹಾಕ್ತೀಯೋ ಏನೋ" ಅಂತಾರೆ.