ಅಲಿ ಯಾವಾಗ ನಿಲ್ಲಬೇಕಿತ್ತು? ಓದುಗರ ಪ್ರಶ್ನೆಗಳಿಗೆ ಉತ್ತರ

ಮಹಮ್ಮದ್ ಅಲಿ ತಮ್ಮ ಕೊನೆಯ ಎರಡು ಪಂದ್ಯಗಳಿಗೆ ಕಣಕ್ಕಿಳಿಯಬಾರದಿತ್ತು ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೆ. ಆ ಸಾಲಿಗೆ ಬಂದಷ್ಟು ಕಾಗದಗಳು ಈಚೆಗೆ ಬೇರಾವುದಕ್ಕೂ ಬಂದಿಲ್ಲ, ಅದರಲ್ಲೂ ಹೆಚ್ಚಿನವು ಘಟ್ಟದ ಮೇಲಿನವು. ಜಾತ್ರೆ ಬಂದರೆ ಕುಸ್ತಿ ಮಟ್ಟಿಯ ಸುತ್ತ ಜನ ನೆರೆಯುವ ಶಿವಮೊಗ್ಗ ಸೀಮೆಯಲ್ಲಿ ಬಾಕ್ಸಿಂಗ್ ಬಗ್ಗೆ ಇಷ್ಟು ಹಟದಿಂದ ವಾದಿಸುವವರಿದ್ದಾರೆ ಎಂಬುದು ನನಗೂ ಹೊಸತು. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಬಿಟ್ಟಿದ್ದೇನೆ.

ಪ್ರಶ್ನೆ: ಕೊಯ್ಲು ಶುರುವಾದ ಮೇಲೆ ನಮ್ಮ ಅಂಗಳದಲ್ಲಿ ರಾತ್ರಿ ಹತ್ತರವರೆಗೂ ಅಡಿಕೆ ಸುಲಿತ ನಡೆಯುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಕೈಗಷ್ಟೇ ಕೆಲಸ, ಬಾಯಿಗೆ ಬಿಡುವು. ಅಲಿ 1978ರಲ್ಲಿ ಮೂರನೇ ಬಾರಿ ಚಾಂಪಿಯನ್ ಆದ ದಿನವೇ ನಿವೃತ್ತರಾಗಿದ್ದರೆ ಇನ್ನೂ ದೊಡ್ಡವರಾಗಿ ಉಳಿಯುತ್ತಿದ್ದರು, ಕೊನೆಯ ಎರಡು ಸೋಲುಗಳು ಹೆಸರಿಗೆ ಮಸಿ ಬಳಿದವು ಎಂದು ನಮ್ಮ ಭಾವ ಹೇಳುತ್ತಾರೆ. ಸೋಲಿನಿಂದ ಅಂಥವರ ಹೆಸರು ಕುಂದುವುದಿಲ್ಲ ಎನ್ನುವುದು ನನ್ನ ವಾದ. ಯಾರದು ಸರಿ?
— ತೀರ್ಥಹಳ್ಳಿಯ ಓದುಗರು

ಉತ್ತರ: ನೀವಿಬ್ಬರೂ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದೀರಿ, ಹಾಗಾಗಿಯೇ ವಾದ ಹತ್ತು ಗಂಟೆಯವರೆಗೂ ಮುಗಿಯುತ್ತಿಲ್ಲ. ಭಾವನವರು ಯೋಚಿಸಬೇಕಾದದ್ದು ಅಲಿಯ ದೇಹದ ಬಗ್ಗೆ, ಆದರೆ ಅವರು ಮಾತಾಡುತ್ತಿರುವುದು ಹೆಸರಿನ ಬಗ್ಗೆ. ಹೆಸರಿನ ವಿಷಯದಲ್ಲಿ ನೀವು ಗೆದ್ದಿದ್ದೀರಿ. 1964ರಲ್ಲಿ ಸೋನಿ ಲಿಸ್ಟನ್, 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್, 1978ರ ಸೆಪ್ಟೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಲಿಯಾನ್ ಸ್ಪಿಂಕ್ಸ್, ಹೀಗೆ ಮೂರು ಸಲ ಹೆವಿವೇಟ್ ಪಟ್ಟ ಗೆದ್ದವರ ಲೆಕ್ಕವನ್ನು ಆಮೇಲಿನ ಎರಡು ಸೋಲುಗಳಿಂದ ಯಾರೂ ಕಳೆಯುವುದಿಲ್ಲ. 61 ಪಂದ್ಯಗಳಲ್ಲಿ 56 ಗೆಲುವು, 5 ಸೋಲು ಎಂಬ ಅಂಕಿಯಲ್ಲಿ ಆ ಎರಡೂ ಸೇರಿವೆ.

ಆದರೆ ಆ ಎರಡು ಪಂದ್ಯಗಳು ನಡೆದ ಬಗೆಯನ್ನು ನೋಡಿದರೆ ಭಾವನವರ ಸಂಕಟ ಅರ್ಥವಾಗುತ್ತದೆ. ಅಲಿ 1979ರಲ್ಲಿಯೇ ನಿವೃತ್ತಿ ಘೋಷಿಸಿದ್ದರು. 1980ರ ಜನವರಿಯಲ್ಲಿ ಅವರು ಭಾರತಕ್ಕೆ ಬಂದದ್ದು ನಿವೃತ್ತರಾಗಿಯೇ. ದೆಹಲಿಯಲ್ಲಿ ನಮ್ಮ ಸೇನೆಯ ಕೌರ್ ಸಿಂಗ್ ಜೊತೆ, ಮದರಾಸಿನಲ್ಲಿ ತಮ್ಮ ಹಳೆಯ ಗೆಳೆಯ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯಗಳನ್ನಾಡಿ ಜನರನ್ನು ನಗಿಸಿದರು. ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಆಫ್ರಿಕಾದ ದೇಶಗಳ ಬೆಂಬಲ ಕೇಳಲು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲಿಯನ್ನು ಕಳಿಸಿದ್ದೂ ಆ ಪ್ರವಾಸದ ನಡುವೆಯೇ. ಅಷ್ಟರ ಮಟ್ಟಿಗೆ ಆಗಲೇ ಅವರು ರಿಂಗ್‌ನ ಹೊರಗಿನ ದೊಡ್ಡ ಮನುಷ್ಯರಾಗಿದ್ದರು.

ಅದೇ ವರ್ಷದ ಅಕ್ಟೋಬರ್ 2ರಂದು, 38ರ ವಯಸ್ಸಿನಲ್ಲಿ, ಅವರು ಲಾಸ್ ವೇಗಾಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ನಿಂತರು. ಹಿಂದೆ ಅಲಿಗೆ ಅಭ್ಯಾಸದ ಜೊತೆಗಾರನಾಗಿ ಗುದ್ದು ತಿಂದು ಪಳಗಿದವರೇ ಈ ಹೋಮ್ಸ್. ಪಂದ್ಯಕ್ಕೆ ಮೊದಲು ಮೇಯೋ ಕ್ಲಿನಿಕ್‌ನಲ್ಲಿ ತಪಾಸಣೆಯಾಗಿತ್ತು. ಬೆರಳಿನಿಂದ ಮೂಗಿನ ತುದಿ ಮುಟ್ಟುವುದರಲ್ಲಿ, ಒಂಟಿ ಕಾಲಿನಲ್ಲಿ ಕುಪ್ಪಳಿಸುವುದರಲ್ಲಿ ತುಸು ತೊಡಕು ಕಾಣಿಸಿದ್ದು ಆ ವರದಿಯಲ್ಲಿಯೇ ಇತ್ತು, ಆದರೂ ಪರವಾನಗಿ ಸಿಕ್ಕಿತು. ಬಿಳಿಗೂದಲಿಗೆ ಬಣ್ಣ ಹಾಕಿ, ಥೈರಾಯ್ಡ್ ಮಾತ್ರೆ ನುಂಗಿ ಮೈ ಇಳಿಸಿ ಬಂದ ಅಲಿ ನೋಡುವುದಕ್ಕೆ ಹತ್ತು ವರ್ಷ ಹಿಂದಿನವರಂತೆ ಕಂಡರು. ಗಂಟೆ ಬಾರಿಸಿದ ಮೇಲೆ ಆ ಮೈಯಲ್ಲಿ ಏನೂ ಇರಲಿಲ್ಲ. ಮೂವರು ತೀರ್ಪುಗಾರರ ಪಟ್ಟಿಯಲ್ಲೂ ಒಂದೇ ಒಂದು ಸುತ್ತು ಅವರಿಗೆ ಸಿಗಲಿಲ್ಲ. ಹತ್ತನೇ ಸುತ್ತು ಮುಗಿದು ಅವರು ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಾಗ ತರಬೇತುದಾರ ಆಂಜೆಲೊ ಡಂಡಿ ಇನ್ನು ಸಾಕು ಎಂದರು. ಅದೇ ಮೂಲೆಯಲ್ಲಿದ್ದ ಸಹಾಯಕ ಬುಂಡಿನಿ ಬ್ರೌನ್ ಇನ್ನೊಂದು ಸುತ್ತು ಎಂದು ಅಂಗಲಾಚಿದರೂ ಡಂಡಿ ಕೇಳಲಿಲ್ಲ. ಗೆದ್ದ ಹೋಮ್ಸ್ ಕಣ್ಣೀರು ಹಾಕಿದರು.

ಅಲ್ಲಿಗೂ ಮುಗಿಯಲಿಲ್ಲ. 1981ರ ಡಿಸೆಂಬರ್ 11ರಂದು ಬಹಾಮಾಸ್‌ನ ನಸ್ಸಾವ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು ನಡೆದ ಪಂದ್ಯ ಅವರ ಕೊನೆಯದು. ಆಯೋಜನೆ ಎಷ್ಟು ಅಧ್ವಾನವಾಗಿತ್ತೆಂದರೆ ಗ್ಲೌಸ್‌ಗಳು ಸಾಲದೆ ಒಂದು ಪಂದ್ಯದವರು ಬಿಚ್ಚಿದ್ದನ್ನು ಮುಂದಿನ ಪಂದ್ಯದವರು ತೊಡಬೇಕಾಯಿತು. ಸುತ್ತು ಶುರುವಾಗಲು ಬಾರಿಸುವ ಗಂಟೆಯೂ ಇಲ್ಲದೆ ಹಸುವಿನ ಕೊರಳಗಂಟೆಯೊಂದನ್ನು ಹುಡುಕಿ ತಂದರು. ಕೊಟ್ಟಿಗೆಗೆ ಮರಳುವ ದನಗಳ ಗಂಟೆಯನ್ನು ದಿನವೂ ಕೇಳುವ ನಿಮಗೆ ಆ ಸದ್ದು ಹೇಗಿದ್ದೀತೆಂದು ನಾನು ವಿವರಿಸಬೇಕಾಗಿಲ್ಲ. ಹತ್ತು ಸುತ್ತುಗಳ ಕೊನೆಯಲ್ಲಿ ಸೋತ ಅಲಿಗೆ 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳಿರುವುದನ್ನು ವೈದ್ಯರು ಪತ್ತೆಹಚ್ಚಿದರು.

ಇನ್ನು ಭಾವನವರಿಗೆ ಒಂದು ಮಾತು. 1978 ಎಂಬ ಅವರ ಗೆರೆಯೂ ತಡವಾದದ್ದೇ. 1977ರ ಸೆಪ್ಟೆಂಬರ್‌ನಲ್ಲಿ ಎರ್ನಿ ಶೇವರ್ಸ್ ಜೊತೆ ಹದಿನೈದು ಸುತ್ತು ಮುಗಿಸಿದಾಗಲೇ ಅಲಿಯ ವೈದ್ಯ ಫರ್ಡಿ ಪಚೇಕೊ ಮೂತ್ರಪಿಂಡಗಳ ವರದಿಯ ಪ್ರತಿಗಳನ್ನು ಅಲಿಗೂ ಅವರ ಹತ್ತಿರದವರಿಗೂ ಕಳಿಸಿ, ಉತ್ತರ ಬಾರದ್ದರಿಂದ ಬಳಗ ಬಿಟ್ಟು ಹೊರಟಿದ್ದರು. ದೇಹದ ಮಾತನ್ನೇ ಕೇಳುವುದಾದರೆ ನಿಲ್ಲಬೇಕಾದದ್ದು 1975ರಲ್ಲಿ, ಮನಿಲಾದಲ್ಲಿ ಜೋ ಫ್ರೇಜಿಯರ್ ಜೊತೆ ಹದಿನಾಲ್ಕು ಸುತ್ತು ಬಡಿದಾಡಿ ಗೆದ್ದ ದಿನ. ಆಗ ನಿಂತಿದ್ದರೆ ಭಾವನವರು ಮೆಚ್ಚುವ ಆ ಮೂರನೇ ಪಟ್ಟವೇ ಇರುತ್ತಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದ ಕಾರಣಕ್ಕೆ 1967ರಿಂದ 1970ರವರೆಗೆ, 25ರಿಂದ 28ರ ಪ್ರಾಯದಲ್ಲಿ, ಸುಮಾರು ಮೂರೂವರೆ ವರ್ಷ ಅವರನ್ನು ರಿಂಗ್‌ನಿಂದ ಹೊರಗಿಟ್ಟಿದ್ದರು. ಕಳೆದುಕೊಂಡ ಆ ವರ್ಷಗಳನ್ನು ಬಾಳಿನ ಇನ್ನೊಂದು ತುದಿಯಲ್ಲಿ ಸೇರಿಸಿಕೊಳ್ಳಲು ಹೊರಟಂತೆ ನನಗೆ ಅವರ ಹಟ ಕಾಣುತ್ತದೆ. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡನ ವಿಷಯವನ್ನೇ ನೋಡಿ. ಅರವತ್ತರ ಕೊನೆಗೌಡನೂ ಹೊಸ ಹುಡುಗನನ್ನು ನಂಬದೆ ತಾನೇ ಮರ ಹತ್ತುವುದು ಹೆಮ್ಮೆಯಿಂದ ಮಾತ್ರವಲ್ಲ, ಇಳಿದ ಮೇಲೆ ಏನು ಮಾಡಬೇಕೆಂದು ತೋಚದೆಯೂ ಹೌದು. ಮರದ ಬುಡದಲ್ಲಿ ಹಗ್ಗ ಹಿಡಿದು ನಿಂತವನು ಸಾಕು ಎನ್ನಬೇಕು. ಅಲಿಯ ಬುಡದಲ್ಲಿ ನಿಂತವರಲ್ಲಿ ಹೆಚ್ಚಿನವರಿಗೆ ಗೊನೆಯ ಮೇಲೆ ಕಣ್ಣಿತ್ತು.

ಪ್ರಶ್ನೆ: ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ ಒಂದನ್ನೂ ಸೋಲದೆ ನಿವೃತ್ತರಾದರು. ಹಾಗಿದ್ದ ಮೇಲೆ ಎಲ್ಲರಿಗಿಂತ ದೊಡ್ಡವರು ಅವರೇ ಅಲ್ಲವೇ?
— ಸಾಗರದ ಓದುಗರು

ಉತ್ತರ: ನಿವೃತ್ತಿಯಲ್ಲಿ ದೊಡ್ಡವರು, ಸಂಶಯವಿಲ್ಲ. 1956ರಲ್ಲಿ 32ನೇ ವಯಸ್ಸಿನಲ್ಲಿ ಹೊರಟವರು ಮತ್ತೆ ಮರಳಲಿಲ್ಲ. ಹೆವಿವೇಟ್ ಚಾಂಪಿಯನ್ನರಲ್ಲಿ ಅಂಥ ಸಂಯಮ ಅಪರೂಪ. ಆದರೆ ಸೊನ್ನೆ ಎಂಬುದು ಯಾರನ್ನು, ಯಾವಾಗ ಗೆದ್ದರು ಎನ್ನುವುದನ್ನು ಹೇಳುವುದಿಲ್ಲ. ಅವರ ಗೆಲುವುಗಳಲ್ಲಿ ಬಹಳ ಪ್ರಸಿದ್ಧವಾದೊಂದು 1951ರಲ್ಲಿ ಜೋ ಲೂಯಿಸ್ ಮೇಲಿನದು. ಲೂಯಿಸ್ 1937ರಿಂದ 1949ರವರೆಗೆ ಪಟ್ಟ ಹಿಡಿದು 25 ಸಲ ಉಳಿಸಿಕೊಂಡು, ಚಾಂಪಿಯನ್ ಆಗಿಯೇ ನಿವೃತ್ತರಾಗಿದ್ದವರು. ತೆರಿಗೆ ಬಾಕಿ ಕುತ್ತಿಗೆಗೆ ಬಂದದ್ದರಿಂದ ಮತ್ತೆ ಗ್ಲೌಸ್ ತೊಟ್ಟರು. ಮಾರ್ಸಿಯಾನೊ ಎಂಟನೇ ಸುತ್ತಿನಲ್ಲಿ ಹಗ್ಗಗಳಾಚೆ ಕೆಡವಿದ್ದು 37 ವರ್ಷದ ಆ ಲೂಯಿಸರನ್ನು, ಮತ್ತು ಆ ರಾತ್ರಿ ಗೆದ್ದವರೇ ಸೋತವರ ಕೋಣೆಗೆ ಹೋಗಿ ಅತ್ತರು. 49 ಎಂಬ ಆ ಅಂಕಿಯನ್ನು ಮುಟ್ಟಲು ಹೊರಟ ಲ್ಯಾರಿ ಹೋಮ್ಸ್ 48ಕ್ಕೆ ಬಂದು, 1985ರಲ್ಲಿ ಮೈಕೆಲ್ ಸ್ಪಿಂಕ್ಸ್‌ಗೆ ಸೋತರು. ಅಲಿಯನ್ನು ಒಮ್ಮೆ ಸೋಲಿಸಿದ್ದ ಲಿಯಾನ್ ಸ್ಪಿಂಕ್ಸ್‌ರ ತಮ್ಮ ಈ ಮೈಕೆಲ್. ನನ್ನ ಲೆಕ್ಕದಲ್ಲಿ ಲೂಯಿಸರ ಆ 25 ಮಾರ್ಸಿಯಾನೊರ ಸೊನ್ನೆಗಿಂತ ತೂಕದ್ದು; ನೀವು ಒಪ್ಪದಿದ್ದರೆ ಬರೆಯಿರಿ.

ಪ್ರಶ್ನೆ: ಮೇರಿ ಕೋಮ್ ನಿವೃತ್ತರಾದರೇ ಇಲ್ಲವೇ? ಹೊಸಬರ ದಾರಿಗೆ ಅಡ್ಡ ನಿಂತರು ಎಂದು ನನ್ನ ತಂಗಿ ದೂರುತ್ತಾಳೆ.
— ಕೊಪ್ಪದ ಓದುಗರು

ಉತ್ತರ: 2024ರ ಜನವರಿಯಲ್ಲಿ ಅಸ್ಸಾಮಿನ ದಿಬ್ರುಗಢದ ಸಮಾರಂಭವೊಂದರಲ್ಲಿ ಅವರಾಡಿದ ಮಾತನ್ನು ಪತ್ರಿಕೆಗಳು ನಿವೃತ್ತಿ ಎಂದು ಬರೆದವು, ಮರುದಿನವೇ ಅವರು ಹಾಗೆ ಘೋಷಿಸಿಲ್ಲವೆಂದರು. ಆಸೆ ಇನ್ನೂ ಇದೆ, ನಿಯಮ ಬಿಡುತ್ತಿಲ್ಲ ಎನ್ನುವುದು ಅವರ ಮಾತಿನ ತಿರುಳಾಗಿತ್ತು. ಅವರು ಆಡುತ್ತಿದ್ದ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ 40 ವರ್ಷದ ಮಿತಿಯಿದೆ, ಅವರು ಹುಟ್ಟಿದ್ದು 1982ರ ನವೆಂಬರ್‌ನಲ್ಲಿ. ಮನಸ್ಸು ಇಳಿಯದಿದ್ದರೂ ಕಾಗದ ಇಳಿಸಿತು ಎನ್ನಿ.

ನಿಮ್ಮ ತಂಗಿಯ ದೂರು ಪೂರ್ತಿ ಸುಳ್ಳಲ್ಲ. ಒಲಿಂಪಿಕ್ ಅರ್ಹತಾ ಪಂದ್ಯಗಳಿಗೆ ಆಯ್ಕೆ ಪಂದ್ಯ ನಡೆಸಿ ಎಂದು ಕಿರಿಯ ಬಾಕ್ಸರ್ ನಿಖತ್ ಜರೀನ್ ಬಹಿರಂಗವಾಗಿ ಕೇಳಬೇಕಾಯಿತು, ಮತ್ತು 2019ರ ಡಿಸೆಂಬರ್‌ನಲ್ಲಿ ಆ ಪಂದ್ಯ ಗೆದ್ದ ಮೇರಿ ಕೈ ಕುಲುಕದೆ ಹೋದದ್ದು ಅಭಿಮಾನಿಯಾದ ನನಗೂ ರುಚಿಸಲಿಲ್ಲ. ಆದರೆ ಗೆದ್ದದ್ದು ಮೇರಿಯೇ, 37ರ ವಯಸ್ಸಿನಲ್ಲಿ, 9–1ರಿಂದ. ನಿಖತ್ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು, ಅಂದರೆ ದಾರಿಯೇನೂ ಮುಚ್ಚಿಹೋಗಲಿಲ್ಲ.

ಒಲಿಂಪಿಕ್ ಚಿನ್ನವಿಲ್ಲ ಎಂದು ಕೊಂಕು ತೆಗೆಯುವವರಿಗೂ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. 2002ರಿಂದ 2010ರವರೆಗೆ ಅವರು ಐದು ವಿಶ್ವ ಪ್ರಶಸ್ತಿ ಗೆದ್ದದ್ದು 45ರಿಂದ 48 ಕಿಲೋ ತೂಕಗಳಲ್ಲಿ, ಅದರಲ್ಲಿ 2008ರದ್ದು ಅವಳಿ ಮಕ್ಕಳು ಹುಟ್ಟಿದ ಮರುವರ್ಷ. ಮಹಿಳಾ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ 2012ರಲ್ಲಿ, ಅದೂ ಮೂರೇ ತೂಕಗಳಲ್ಲಿ; ಎಲ್ಲಕ್ಕಿಂತ ಕಡಿಮೆಯದು 51 ಕಿಲೋ. 29ನೇ ವಯಸ್ಸಿನಲ್ಲಿ, ತಮ್ಮದಲ್ಲದ ತೂಕಕ್ಕೆ ಮೈ ಬೆಳೆಸಿಕೊಂಡು, ಸೆಮಿಫೈನಲ್‌ನಲ್ಲಿ ನಿಕೋಲಾ ಆಡಮ್ಸ್‌ಗೆ ಸೋತು ಅವರು ತಂದ ಕಂಚು ಅದು. ಮತ್ತೆ 48 ಕಿಲೋಗೆ ಇಳಿದು 2018ರಲ್ಲಿ ಆರನೇ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಬಾಗಿಲು ತೆರೆಯುವ ಮೊದಲೇ ಹತ್ತು ವರ್ಷ ಹೊರಗೆ ನಿಂತವರನ್ನು ಒಳಗೆ ಏನು ಸಿಕ್ಕಿತೆಂದು ಮಾತ್ರ ಕೇಳುವುದು ನ್ಯಾಯವಲ್ಲ.

ಪ್ರಶ್ನೆ: ಮೈಕ್ ಟೈಸನ್ 58ನೇ ವಯಸ್ಸಿನಲ್ಲಿ ಆಡಿದ ಪಂದ್ಯವನ್ನು ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಸೇರಿ ನೋಡಿ ನಿರಾಶರಾದೆವು. ಅದನ್ನು ಅವರ ದಾಖಲೆಯಲ್ಲಿ ಸೇರಿಸಬೇಕೇ?
— ಶಿವಮೊಗ್ಗದ ವಿದ್ಯಾರ್ಥಿ

ಉತ್ತರ: ಪುಸ್ತಕದಲ್ಲಿ ಸೇರುತ್ತದೆ, ಲೆಕ್ಕದಲ್ಲಿ ಬೇಡ. 2024ರ ನವೆಂಬರ್‌ನಲ್ಲಿ ಯೂಟ್ಯೂಬ್‌ನಿಂದ ಹೆಸರಾದ 27 ವರ್ಷದ ಜೇಕ್ ಪಾಲ್ ಎದುರು ಎರಡೆರಡು ನಿಮಿಷದ ಎಂಟು ಸುತ್ತುಗಳ ಆ ಪಂದ್ಯ ನೋಡುಗರ ನೆನಪಿಗೆ ಮಾರಿದ ಸರಕು. ಟೈಸನ್ 1986ರಲ್ಲಿ 20ರ ಹರೆಯದಲ್ಲಿ ಎರಡೇ ಸುತ್ತಿನಲ್ಲಿ ಪಟ್ಟ ಗೆದ್ದದ್ದು ಅದೇ ಟ್ರೆವರ್ ಬರ್ಬಿಕ್ ಮೇಲೆ ಎಂಬುದನ್ನು ಮೇಲಿನ ಉತ್ತರ ಓದಿದವರು ಗಮನಿಸಿ. 45ನೇ ವಯಸ್ಸಿನಲ್ಲಿ, 1994ರಲ್ಲಿ, ಹಿಂದೆ ಕಿನ್ಶಾಸಾದಲ್ಲಿ ಅಲಿಗೆ ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ ತೊಟ್ಟು ಮತ್ತೆ ಚಾಂಪಿಯನ್ ಆದ ಫೋರ್‌ಮನ್ ಒಬ್ಬರಿದ್ದರಲ್ಲ ಎನ್ನಬೇಡಿ. ಅವರೊಬ್ಬರನ್ನು ನೋಡಿ ಮರಳಿ ಬಂದು ಪೆಟ್ಟು ತಿಂದವರನ್ನು ಎಣಿಸಲು ಈ ಪುಟ ಸಾಲದು.

ಪ್ರಶ್ನೆ: ನನ್ನ ಅಣ್ಣ ಸೇನೆಯಲ್ಲಿದ್ದಾಗ ಬಾಕ್ಸಿಂಗ್ ಆಡಿ ಪದಕ ಪಡೆದವರು. ಈಗ 41. ಗೆಳೆಯರು ಹುರಿದುಂಬಿಸಿದ್ದರಿಂದ ಪ್ರದರ್ಶನ ಪಂದ್ಯ ಆಡುತ್ತೇನೆ ಎನ್ನುತ್ತಿದ್ದಾರೆ. ಬೇಡ ಎಂದರೆ ಕೋಪ. ಏನು ಹೇಳಲಿ?
— ಹೊಸನಗರದ ಓದುಗರು

ಉತ್ತರ: ಬೇಡ ಎಂದು ನೀವು ಹೇಳಬೇಡಿ, ನರರೋಗ ವೈದ್ಯರಿಂದ ಹೇಳಿಸಿ. ಬಾಕ್ಸರ್‌ಗಳ ಮಿದುಳಿಗೆ ಬಹುಕಾಲದ ಗುದ್ದುಗಳಿಂದ ಆಗುವ ಹಾನಿಯನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ಬರೆದಿಟ್ಟಿದ್ದಾರೆ. ಅದು ಕೆಡವಿದ ಒಂದು ದೊಡ್ಡ ಏಟಿನಿಂದ ಮಾತ್ರ ಬರುವುದಲ್ಲ, ಅಭ್ಯಾಸದಲ್ಲಿ ತಿಂದ ಸಣ್ಣ ಏಟುಗಳೂ ಕೂಡಿಕೊಂಡು ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ವೈದ್ಯರ ಬಳಿ ಪದಕಗಳ ಲೆಕ್ಕ ಹೇಳದೆ, ಎಷ್ಟು ವರ್ಷ ಅಭ್ಯಾಸದಲ್ಲಿ ತಲೆಗೆ ಪೆಟ್ಟು ಬಿದ್ದಿದೆ ಎಂಬ ಲೆಕ್ಕ ಹೇಳಲಿ. ಜೊತೆಗೆ ನಿಮ್ಮ ಅತ್ತಿಗೆಯನ್ನೂ ಕರೆದೊಯ್ಯಿರಿ. ಮಾತು ತೊದಲುವುದು, ಬೇಗ ಸಿಟ್ಟಾಗುವುದು, ಇಟ್ಟ ವಸ್ತು ಮರೆಯುವುದು ಮೊದಲು ತಿಳಿಯುವುದು ಮನೆಯವರಿಗೆ, ಗೆಳೆಯರಿಗಲ್ಲ.

ಅಣ್ಣನವರಿಗೆ ರಿಂಗ್ ಬೇಕೇ ಬೇಕೆಂದಿದ್ದರೆ ಅದಕ್ಕೂ ದಾರಿಯಿದೆ. ಊರಿನ ಹುಡುಗರಿಗೆ ಪ್ಯಾಡ್ ಹಿಡಿಯಲು ಕೈಗಳು ಸಾಲುವುದಿಲ್ಲ. ವಾರಕ್ಕೆರಡು ಸಂಜೆ ಹಿಡಿಯಲಿ. ಗುದ್ದು ಅಂಗೈಗೆ ಬೀಳುತ್ತದೆ, ತಲೆಗಲ್ಲ.